ಡಬ್ಲಿನ್‌ನಲ್ಲಿ ಎರಡು ಗಂಟೆಯ ನಡಿಗೆ: 1916ರ ದಂಗೆ ಮತ್ತು ನಮ್ಮ ಅಪ್ಪಾಜಿ

ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆಯಿತು. ಡ್ರಮ್‌ಕೊಂಡ್ರಾದಿಂದ ಆಫೀಸಿಗೆ ಹೋಗುವ ಬಸ್ಸು ದಿನಾ ಓ'ಕಾನೆಲ್ ಸ್ಟ್ರೀಟ್ ಮೇಲೆಯೇ ಹೋಗುತ್ತದೆ. ಅಲ್ಲಿರುವ ಜಿಪಿಒ, ಅಂದರೆ ದೊಡ್ಡ ಅಂಚೆ ಕಚೇರಿ, ನನ್ನ ಪಾಲಿಗೆ ಇಳಿಯೋಕೆ ರೆಡಿಯಾಗಬೇಕು ಅನ್ನುವ ಗುರುತು, ಅಷ್ಟೇ. ಈ ಮೇ ತಿಂಗಳಲ್ಲಿ ಊರಿಂದ ಅಪ್ಪಾಜಿ, ಅಮ್ಮ ಬಂದರು. ಅಪ್ಪಾಜಿ ಶಿಕಾರಿಪುರ ತಾಲ್ಲೂಕಿನ ಹೈಸ್ಕೂಲಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ರಿಟೈರ್ ಆದವರು. ಮೊದಲ ವಾರ ಸಮುದ್ರ, ಪಾರ್ಕು, ಮಾಲು ಎಲ್ಲ ತೋರಿಸಿದೆ. ಎಂಟನೇ ದಿನ ಕಾಫಿ ಕುಡಿಯುತ್ತಾ "ಈ ಊರಿಗೆ ಒಂದು ಕಥೆ ಅಂತ ಇಲ್ವಾ ಪುಟ್ಟಿ?" ಅಂದರು. ಅವತ್ತು ರಾತ್ರಿಯೇ 1916ರ ದಂಗೆಯ ಗೈಡೆಡ್ ವಾಕ್ ಬುಕ್ ಮಾಡಿದೆ. ತಲೆಗೆ 20 ಯೂರೋ ಆಸುಪಾಸು, ಹಿರಿಯರಿಗೆ ಸ್ವಲ್ಪ ಕಡಿಮೆ. ಮಂಡಿನೋವು ಅಂತ ಅಮ್ಮ ಮನೆಯಲ್ಲೇ ಉಳಿದರು.

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಗುಂಪು ಚಿಕ್ಕದಾಗಿರುತ್ತದೆ ಅಂತ ಬುಕಿಂಗ್ ಪುಟದಲ್ಲಿ ಬರೆದಿದ್ದರು. ಹೋಗಿ ನೋಡಿದರೆ ಮೂವತ್ತು ಜನ. ಗೈಡ್ ಹತ್ತಿರ ಮೈಕ್ ಇಲ್ಲ. ಶುರು ಆಗೋದು ಒಂದು ಪಬ್‌ನ ಕೆಳಮಹಡಿಯಲ್ಲಿ. ಅಲ್ಲೇ ಕೂರಿಸಿ ಅರ್ಧ ಗಂಟೆ ಹಿನ್ನೆಲೆ ಹೇಳಿದರು. ಅದರಲ್ಲಿ ಹದಿನೈದು ನಿಮಿಷ ಕಡಿಮೆ ಮಾಡಿದ್ದರೆ ನಷ್ಟವೇನೂ ಇರಲಿಲ್ಲ. ಆಮೇಲೆ ಉಚ್ಚಾರಣೆ. ಗೈಡ್ ಪಕ್ಕಾ ಡಬ್ಲಿನ್‌ನವನು, 'ಥರ್ಟಿ ತ್ರೀ' ಅನ್ನೋದು ಅವನ ಬಾಯಲ್ಲಿ 'ಟರ್ಟಿ ಟ್ರೀ'. ಅಪ್ಪಾಜಿ ಮೊದಲ ಹತ್ತು ನಿಮಿಷ ನನ್ನ ಮುಖ, ಅವನ ಮುಖ ನೋಡುತ್ತಾ ಕೂತಿದ್ದರು. ನಾನು ಪಕ್ಕದಲ್ಲಿ ಪಿಸುಪಿಸು ಕನ್ನಡದಲ್ಲಿ ಹೇಳುತ್ತಾ ಹೋದೆ. ಮುಂದೆ ಕೂತಿದ್ದ ಒಬ್ಬ ಹೆಂಗಸು ಎರಡು ಸಲ ತಿರುಗಿ ನೋಡಿದರು. ನೋಡಲಿ ಬಿಡಿ.

ಅವರು ಹೇಳಿದ ಹಿನ್ನೆಲೆ ಚಿಕ್ಕದಾಗಿ ಇಷ್ಟು. ಐರ್ಲೆಂಡ್ ಆಗ ಬ್ರಿಟಿಷರ ಕೈಯಲ್ಲಿತ್ತು. ಬ್ರಿಟನ್ ಮೊದಲ ಮಹಾಯುದ್ಧದಲ್ಲಿ ಮುಳುಗಿತ್ತು. ಇದೇ ಸಮಯ ಅಂತ ಒಂದು ಗುಂಪು ಈಸ್ಟರ್ ಭಾನುವಾರಕ್ಕೆ ದಂಗೆಯ ಮುಹೂರ್ತ ಇಟ್ಟಿತು. ಅವರದೇ ಪಡೆಯ ಮುಖ್ಯಸ್ಥ ಓವೆನ್ ಮ್ಯಾಕ್‌ನೀಲ್‌ಗೆ ಅದು ಒಪ್ಪಿಗೆ ಇರಲಿಲ್ಲ. ಎಲ್ಲ ರದ್ದು ಅಂತ ಪೇಪರಲ್ಲಿ ಹಾಕಿಸಿಬಿಟ್ಟ! ಕೊನೆಗೆ ಒಂದು ದಿನ ತಡವಾಗಿ, 1916ರ ಏಪ್ರಿಲ್ 24ರ ಸೋಮವಾರ, ಬರಬೇಕಾದವರಲ್ಲಿ ಎಷ್ಟೋ ಜನ ಬಾರದೇ ಇದ್ದರೂ ಹೊರಟೇಬಿಟ್ಟರು. ಅವತ್ತು ರಜೆ. ಬ್ರಿಟಿಷ್ ಅಧಿಕಾರಿಗಳು ಬಹಳ ಮಂದಿ ಕುದುರೆ ರೇಸಿಗೆ ಹೋಗಿದ್ದರು.

ನೀವು ಎಲ್ಲಿಯವರು ಅಂತ ಗೈಡ್ ಎಲ್ಲರನ್ನೂ ಕೇಳಿದ. ಇಂಡಿಯಾ ಅಂದಿದ್ದಕ್ಕೆ, "ನಿಮ್ಮ ಒಬ್ಬ ರಾಷ್ಟ್ರಪತಿ ಆ ಕಾಲದಲ್ಲಿ ಇಲ್ಲೇ ಕಾನೂನು ಓದುತ್ತಿದ್ದರು, ಯಾರು ಗೊತ್ತಾ?" ಅಂದ. ಅಪ್ಪಾಜಿ ಕ್ಲಾಸಿನ ಮುಂದಿನ ಬೆಂಚಿನ ಹುಡುಗನ ಹಾಗೆ ಕೈ ಎತ್ತಿ "ವಿ.ವಿ. ಗಿರಿ!" ಅಂದರು. 1913ರಲ್ಲಿ ಬಂದ ಗಿರಿ, ದಂಗೆಯಾದ ವರ್ಷವೇ ದೇಶ ಬಿಡಬೇಕಾಯಿತಂತೆ. ಆಮೇಲೆ ಅವರು 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು ಅಂತ ಅಪ್ಪಾಜಿ ತಿರುಗಿ ಗೈಡ್‌ಗೇ ಪಾಠ ಮಾಡಿದರು. ಅವನಿಗೆ ಅದು ಗೊತ್ತಿರಲಿಲ್ಲ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಅಲ್ಲಿಂದ ಮುಂದೆ ಇಬ್ಬರೂ ದೋಸ್ತರು.

ಪಬ್‌ನಲ್ಲೇ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ದಂಗೆಯ ದಿನ ಓದಿದ ಘೋಷಣಾ ಪತ್ರದ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟು, "ಅಕ್ಷರ ನೋಡಿ" ಅಂದ. ಸರಿಯಾಗಿ ನೋಡಿದರೆ 'ಇ' ಅಕ್ಷರ ಅಲ್ಲಲ್ಲಿ ಬೇರೆ ಥರ ಇದೆ. ಲಿಬರ್ಟಿ ಹಾಲ್ ಎನ್ನುವ ಕಾರ್ಮಿಕ ಸಂಘದ ಕಟ್ಟಡದಲ್ಲಿ, ಹಳೇ ಯಂತ್ರದಲ್ಲಿ ಕದ್ದು ಮುಚ್ಚಿ ಅಚ್ಚು ಹಾಕಿದ್ದು. ಅಚ್ಚಿನ ಮೊಳೆ ಸಾಲದೆ ಬೇರೆ ಕಡೆಯಿಂದ ತಂದು ಸೇರಿಸಿದ್ದರು. ಆದರೂ ಇಡೀ ಪತ್ರ ಒಂದೇ ಸಲಕ್ಕೆ ಆಗಲಿಲ್ಲ. ಮೇಲಿನ ಅರ್ಧ ಮೊದಲು ಅಚ್ಚು ಹಾಕಿ, ಮೊಳೆ ಬಿಚ್ಚಿ, ಅದನ್ನೇ ಮತ್ತೆ ಜೋಡಿಸಿ ಕೆಳಗಿನ ಅರ್ಧ ಹಾಕಿದ್ದಾರೆ. ಶಾಲೆಯ ವಾರ್ಷಿಕ ಸಂಚಿಕೆಗೆ ಶಿಕಾರಿಪುರದ ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಪ್ರೂಫ್ ನೋಡಿದ ನಮ್ಮ ಅಪ್ಪಾಜಿಗೆ ಇದಕ್ಕೆ ಅನುವಾದವೇ ಬೇಕಾಗಲಿಲ್ಲ. "ನಮ್ಮಲ್ಲೂ ಒತ್ತಕ್ಷರ ಖಾಲಿಯಾದರೆ ಹೀಗೇ" ಅಂತ ನಕ್ಕರು. ಪತ್ರದ ಮೊದಲ ಸಾಲಿನಲ್ಲೇ ಗಂಡಸರ ಜೊತೆ ಹೆಂಗಸರನ್ನೂ ಕರೆದಿದ್ದಾರೆ. 1916ಕ್ಕೆ ಅದು ದೊಡ್ಡ ಮಾತೇ ಅಲ್ವಾ?

ಹೊರಗೆ ಬಂದಾಗ ಜಿಟಿಜಿಟಿ ಮಳೆ. ಅಪ್ಪಾಜಿ ಮಂಕಿ ಕ್ಯಾಪ್ ಹಾಕಿ, ಊರಿಂದ ತಂದ ಉದ್ದ ಕೋಲಿನ ಕೊಡೆ ಬಿಚ್ಚಿದರು. ಇಲ್ಲಿನ ಗಾಳಿಗೆ ಕೊಡೆ ಅಂದರೆ ತಮಾಷೆ, ಎರಡು ಸಲ ಉಲ್ಟಾ ಆಯಿತು. ಟ್ರಿನಿಟಿ ಕಾಲೇಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿದರು. ಅಲ್ಲಿ ನನಗೇನೂ ಕೇಳಿಸಲಿಲ್ಲ, ಬರೀ ಟ್ರಾಮ್ ಸದ್ದು.

ನಮಗೆ ಇಡೀ ಟೂರು ಬದಲಾಗಿದ್ದು ಡಬ್ಲಿನ್ ಕ್ಯಾಸಲ್ ಗೇಟಿನ ಹತ್ತಿರ. ಬ್ರಿಟಿಷ್ ಆಡಳಿತ ನಡೆಯುತ್ತಿದ್ದದ್ದು ಅಲ್ಲಿಂದಲೇ. ಗೈಡ್ ಗೇಟಿನ ಕಡೆ ಬೆನ್ನು ಹಾಕಿ ನಿಂತು, "ನಾನೀಗ ನಿಂತಿರುವ ಹಾಗೆ ಇಲ್ಲೊಬ್ಬ ಪೊಲೀಸ್ ನಿಂತಿದ್ದ" ಅಂದ. ಹೆಸರು ಜೇಮ್ಸ್ ಓ'ಬ್ರಯನ್. ಅವನೂ ಐರಿಷ್‌ನವನೇ. ಕೈಯಲ್ಲಿ ಬಂದೂಕು ಇರಲಿಲ್ಲ. ದಂಗೆಯವರು ಬಂದಾಗ ಗೇಟು ಹಾಕಲು ನೋಡಿದ, ತಲೆಗೆ ಗುಂಡು ಹೊಡೆದರು. ಆ ತುಕಡಿಯ ನಾಯಕ ಶಾನ್ ಕಾನಲಿ ನಾಟಕದ ನಟ. ಅವನೂ ಅದೇ ದಿನ ಪಕ್ಕದ ಸಿಟಿ ಹಾಲಿನ ಚಾವಣಿ ಮೇಲೆ ಗುಂಡು ತಗುಲಿ ಸತ್ತ. ತಮಾಷೆ ಎಂದರೆ ಕ್ಯಾಸಲ್ ಒಳಗೆ ಕಾವಲಿದ್ದ ಸೈನಿಕರು ಬೆರಳೆಣಿಕೆಯಷ್ಟು. ನುಗ್ಗಿದ್ದರೆ ಸಿಕ್ಕಿಬಿಡುತ್ತಿತ್ತು, ಅದು ಇವರಿಗೆ ಗೊತ್ತಾಗಲಿಲ್ಲ.

ಗೈಡ್ ಪೊಲೀಸಿನವನ ಕಥೆಯನ್ನು ಅವಸರದಲ್ಲಿ ಮುಗಿಸಲಿಲ್ಲ. ದಂಗೆಯವರ ಕಡೆಗೇ ಅವನ ಒಲವು ಅನ್ನೋದು ಮಾತಲ್ಲೇ ಗೊತ್ತಾಗುತ್ತಿತ್ತು. ಆದರೂ ಹೇಳಿದ. ಆ ವಾರ ಸತ್ತವರು 485 ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವ ಪಕ್ಷಕ್ಕೂ ಸೇರದ ಸಾಮಾನ್ಯ ಜನ, 40 ಮಕ್ಕಳು ಅಂದ. ಅಂಗಡಿ ಗಾಜು ಒಡೆದಾಗ ಬಡವರ ಮಕ್ಕಳು ಮೊದಲು ನುಗ್ಗಿದ್ದು ಮಿಠಾಯಿ ಅಂಗಡಿಗೆ. ಸೋತ ದಂಗೆಯವರನ್ನು ಸೈನ್ಯ ಬೀದಿಯಲ್ಲಿ ಕರೆದೊಯ್ಯುವಾಗ ಡಬ್ಲಿನ್ ಜನರೇ ಬೈದಿದ್ದರಂತೆ. ಎಷ್ಟೋ ಮನೆಯ ಗಂಡಸರು ಬ್ರಿಟಿಷ್ ಸೈನ್ಯದಲ್ಲಿದ್ದರು, ಅವರ ಸಂಬಳದಿಂದಲೇ ಒಲೆ ಉರಿಯುತ್ತಿತ್ತು. ಅಪ್ಪಾಜಿ ಮಾತಾಡಲಿಲ್ಲ. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲೇ ನಡೆದರು.

ಲಿಫಿ ನದಿ ದಾಟಿದ ಮೇಲೆ ಹತ್ತೊಂಬತ್ತನೇ ಶತಮಾನದ ಐರಿಷ್ ನಾಯಕ ಡೇನಿಯಲ್ ಓ'ಕಾನೆಲ್ ಪ್ರತಿಮೆ. ಕೆಳಗೆ ರೆಕ್ಕೆ ಇರುವ ನಾಲ್ಕು ಹೆಂಗಸರು ಕೂತಿದ್ದಾರೆ. ನಾಲ್ಕು ವರ್ಷದಿಂದ ಬಸ್ಸಿನ ಕಿಟಕಿಯಲ್ಲಿ ನೋಡಿದ್ದೇನೆ. ಒಬ್ಬಳ ಎದೆಯಲ್ಲಿ ತೂತಿದೆ ಅನ್ನೋದು ಅವತ್ತೇ ಕಂಡಿದ್ದು. ದುಂಡಗೆ, ಕಂಚಿನ ಅಂಚು ಸ್ವಲ್ಪ ಒಳಕ್ಕೆ ಹೋಗಿದೆ. ಗುಂಡಿನ ತೂತು. ನಾಲ್ಕು ವರ್ಷ ಎಲ್ಲಿ ನೋಡುತ್ತಿದ್ದೆನೋ!

ಜಿಪಿಒ ಕಟ್ಟಿದ್ದು 1818ರಲ್ಲಿ. ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಘೋಷಣೆ ಓದಿದ್ದು ಇದರ ಮುಂದೆಯೇ. ವಾರದ ಕೊನೆಗೆ ಮುಂದಿನ ಗೋಡೆ, ಕಂಬ ಬಿಟ್ಟು ಉಳಿದಿದ್ದೆಲ್ಲ ಸುಟ್ಟುಹೋಯಿತು. ಮತ್ತೆ ಕಟ್ಟಿ 1929ರಲ್ಲಿ ತೆರೆದರು. ಅಪ್ಪಾಜಿ ಕಂಬದ ಮೇಲಿನ ಕಚ್ಚುಗಳಿಗೆ ಒಂದೊಂದಾಗಿ ಬೆರಳಿಟ್ಟು ನೋಡಿದರು, ನಮ್ಮಲ್ಲಿ ಶಾಸನದ ಅಕ್ಷರ ಸವರಿ ನೋಡುವ ಹಾಗೆ. ಒಳಗೆ ಈಗಲೂ ಸ್ಟಾಂಪು ಮಾರುತ್ತಾರೆ. ಅಲ್ಲಿ ಕೂ ಹುಲಿನ್ ಎನ್ನುವ ಪುರಾಣದ ವೀರನ ಕಂಚಿನ ಮೂರ್ತಿ ಇದೆ. ಸಾಯುವಾಗಲೂ ಬೀಳಬಾರದು ಅಂತ ಕಲ್ಲುಕಂಬಕ್ಕೆ ತನ್ನನ್ನೇ ಕಟ್ಟಿಕೊಂಡವನು, ಹೆಗಲ ಮೇಲೆ ಕಾಗೆ ಜಾತಿಯ ದೊಡ್ಡ ಹಕ್ಕಿ. "ಇವರ ಅಭಿಮನ್ಯು" ಅಂದರು ಅಪ್ಪಾಜಿ.

ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸಿದ್ದು ಕೊನೆಯ ಇಪ್ಪತ್ತು ನಿಮಿಷ, ಮೂರ್ ಸ್ಟ್ರೀಟ್‌ನಲ್ಲಿ. ನಾನು ಕರಿಬೇವು, ಹಸಿಮೆಣಸು ತರಲು ಬರೋದೇ ಇಲ್ಲಿಗೆ. ಗಾಡಿ ಮೇಲೆ ಹಣ್ಣು, ಮೀನು ಮಾರುವವರು ಕೂಗುತ್ತಿರುತ್ತಾರೆ. ಜಿಪಿಒ ಹೊತ್ತಿ ಉರಿದಾಗ ದಂಗೆಯವರು ಓಡಿ ಬಂದಿದ್ದು ಈ ಬೀದಿಗೆ. ಹೊರಗೆ ಮೆಷಿನ್ ಗನ್. ಹಾಗಾಗಿ ಒಂದು ಮನೆಯ ಗೋಡೆ ಒಡೆದು ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋದರು. ದಂಗೆಯ ಇನ್ನೊಬ್ಬ ನಾಯಕ ಜೇಮ್ಸ್ ಕಾನಲಿಯ ಕಾಲಿಗೆ ಪೆಟ್ಟಾಗಿತ್ತು, ಅವನನ್ನು ಹೊತ್ತುಕೊಂಡೇ ಸಾಗಿದರು. 16ನೇ ನಂಬರಿನ ಮನೆಯಲ್ಲಿ ಶರಣಾಗೋದು ಅಂತ ತೀರ್ಮಾನ ಆಯಿತು. ಅವತ್ತು ಏಪ್ರಿಲ್ 29. ಬಿಳಿ ಬಾವುಟ ಹಿಡಿದು ಒಬ್ಬಳೇ ಬೀದಿಗೆ ಇಳಿದವಳು ಎಲಿಜಬೆತ್ ಓ'ಫಾರೆಲ್ ಎನ್ನುವ ನರ್ಸ್. ಪಿಯರ್ಸ್ ಶರಣಾಗುವ ಫೋಟೋದಲ್ಲಿ ಅವಳು ಅವನ ಆ ಕಡೆ ನಿಂತಿದ್ದಾಳೆ. ಕಾಣೋದು ಕಾಲು, ಲಂಗದ ಅಂಚು ಮಾತ್ರ. ಆಮೇಲೆ ಅದನ್ನೂ ಅಳಿಸಿ ಅಚ್ಚು ಹಾಕಿದರು. ಗೈಡ್ ಎರಡೂ ಫೋಟೋ ಪಕ್ಕಪಕ್ಕ ಹಿಡಿದು ತೋರಿಸಿದ.

ಪಕ್ಕದ ಓಣಿಯ ಗೋಡೆ ಮೇಲೆ ಕೈಬರಹದ ಹಾಗೇ ಅಚ್ಚೊತ್ತಿದ ಒಂದು ಫಲಕ ಇದೆ. ಓ'ರಾಹಿಲಿ ಎನ್ನುವವನ ಪತ್ರ. ಇವನು ದಂಗೆ ಬೇಡ ಅಂತ ಕಾರಿನಲ್ಲಿ ಊರೂರು ಸುತ್ತಿ ಹೇಳಿ ಬಂದವನು. ಶುರು ಆಯಿತು ಅಂತ ಗೊತ್ತಾದ ಮೇಲೆ ಅದೇ ಕಾರಿನಲ್ಲಿ ಬಂದು ಸೇರಿಕೊಂಡ. ಕಾರು ಬೀದಿಯ ಅಡ್ಡಗಟ್ಟೆಗೆ ಹೋಯಿತು. ಮೂರ್ ಸ್ಟ್ರೀಟ್‌ನಲ್ಲಿ ಮುನ್ನುಗ್ಗುವಾಗ ಗುಂಡು ಬಿತ್ತು. ಒಂದು ಬಾಗಿಲ ಮರೆಯಲ್ಲಿ ಕೂತು, ಜೇಬಲ್ಲಿದ್ದ ಮಗನ ಪತ್ರದ ಹಿಂಬದಿಗೆ ಹೆಂಡತಿಗೆ ನಾಲ್ಕು ಸಾಲು ಬರೆದ. ಗುಂಡು ತಗುಲಿದೆ, ನಿನಗೂ ಮಕ್ಕಳಿಗೂ ರಾಶಿ ರಾಶಿ ಪ್ರೀತಿ ಅಂತ. ನಾನು ಅದನ್ನು ಕನ್ನಡದಲ್ಲಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಅಪ್ಪಾಜಿ ಕನ್ನಡಕ ಒರೆಸಿಕೊಂಡು ತಾವೇ ಓದಿಕೊಂಡರು.

ಕಿಲ್‌ಮೇನಮ್ ಜೈಲು ಈ ನಡಿಗೆಯಲ್ಲಿ ಬರುವುದಿಲ್ಲ, ಊರಿನ ಇನ್ನೊಂದು ದಿಕ್ಕಿಗಿದೆ. ಅಲ್ಲಿ ಮೇ 3ರಿಂದ 12ರೊಳಗೆ 14 ಜನರನ್ನು ಗುಂಡಿಟ್ಟು ಕೊಂದರು. ನಿಲ್ಲಲಾಗದ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊಡೆದರು. ಬೈದಿದ್ದ ಜನರೇ ತಿರುಗಿಬಿದ್ದದ್ದು ಅದಾದ ಮೇಲೆ. ಜೈಲು ನೋಡಬೇಕಿದ್ದರೆ ಟಿಕೆಟ್ ಬಹಳ ಮೊದಲೇ ತೆಗೆದಿಡಿ. ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕ್ ಕೂಡ ಬಿಟ್ಟಿದ್ದಾರೆ, ಅದು ಮಾತ್ರ ನನಗೆ ಬೇಸರ. ದಂಗೆಯ ನಡುವೆ ಅಲ್ಲಿನ ಬಾತುಕೋಳಿಗಳಿಗೆ ಮೇವು ಹಾಕಲಿ ಅಂತ ಎರಡೂ ಕಡೆಯವರು ಗುಂಡು ನಿಲ್ಲಿಸುತ್ತಿದ್ದರು. ನಾವು ಮರುದಿನ ನಾವೇ ಹೋಗಿಬಂದೆವು. ಬಾತುಕೋಳಿಯೂ ಇವೆ, ಟಾಗೋರರ ಒಂದು ಪುತ್ಥಳಿಯೂ ಇದೆ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಗೈಡ್ ಪಕ್ಕದಲ್ಲೇ ನಡೆಯಿರಿ, ಹಿಂದೆ ಬಿದ್ದರೆ ಅರ್ಧ ಕಥೆ ಹೋಯಿತು. ಪಬ್ ಬಿಟ್ಟರೆ ದಾರಿಯಲ್ಲಿ ಟಾಯ್ಲೆಟ್‌ಗೆ ನಿಲ್ಲಿಸುವುದಿಲ್ಲ, ವಯಸ್ಸಾದವರಿದ್ದರೆ ಮೊದಲೇ ಮುಗಿಸಿಕೊಳ್ಳಿ. ಕೊಡೆ ಬೇಡ, ಟೋಪಿ ಇರುವ ಜಾಕೆಟ್ ಸಾಕು. ಐದರಲ್ಲಿ ನಾಲ್ಕು ಕೊಡುತ್ತೇನೆ. ಮೈಕ್ ಇದ್ದು, ಗುಂಪು ಹೇಳಿದಷ್ಟೇ ಇದ್ದಿದ್ದರೆ ಐದು.

ಕರಿಬೇವು ತೆಗೆದುಕೊಂಡು ಬಸ್ಸು ಹತ್ತಿದೆವು. ಶಿಕಾರಿಪುರದ ಕಡೆಯವರಿಗೆ ಈಸೂರು ಅಂದರೆ ಬೇರೆ ಹೇಳಬೇಕಾಗಿಲ್ಲ. 1942ರಲ್ಲಿ ಊರಿಗೆ ಊರೇ ಸ್ವತಂತ್ರ ಅಂತ ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಮಾಡಿದ ಊರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಪ್ರತಿ ಆಗಸ್ಟ್ 15ಕ್ಕೆ ಅಪ್ಪಾಜಿ ಮೈಕ್ ಹಿಡಿದು "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಕೂಗಿಸುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ಬಸ್ಸು ಜಿಪಿಒ ದಾಟುವಾಗ ಅಂದರು, "ಅವತ್ತು ಈಸೂರಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರೂ ಜನರ ಕೈಗೆ ಸಿಕ್ಕಿ ಸತ್ತರು ಪುಟ್ಟಿ. ಅವರೂ ನಮ್ಮವರೇ. ಮೂವತ್ತು ವರ್ಷ ಅದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ತಿದ್ದೆ."

ನಾನು ಏನೂ ಹೇಳಲಿಲ್ಲ. ಮನೆಗೆ ಬಂದಾಗ ಅಮ್ಮ ಉಪ್ಪಿಟ್ಟು ಮಾಡಿಟ್ಟಿದ್ದರು, ಏನು ನೋಡಿಕೊಂಡು ಬಂದ್ರಿ ಅಂತ ಕೇಳಿದರು. ಅಪ್ಪಾಜಿ ಒದ್ದೆ ಮಂಕಿ ಕ್ಯಾಪ್ ತೆಗೆದು ಹೀಟರ್ ಮೇಲಿಟ್ಟು, "ಒಂದು ಗೇಟು. ಅಲ್ಲೊಬ್ಬ ಪೊಲೀಸಿನವನು ನಿಂತಿದ್ದ" ಅಂತ ಶುರು ಮಾಡಿದರು.