27 ಅಡಿ ಮೋಟರ್‌ಹೋಮ್ ಕಟ್ಟಿಸಿ ಕೈ ಸುಟ್ಟುಕೊಂಡ್ವಿ, ನೀವು ಅಳತೆ ತೆಗೆಯೋ ಮುಂಚೆ ಇದನ್ನ ಓದಿ

ಮನೆ ಬಾಡಿಗೆಗೆ ಕೊಟ್ಟು, ಮೋಟರ್‌ಹೋಮ್‌ನಲ್ಲೇ, ಅಂದ್ರೆ ಮನೆ ಥರ ಮಾಡಿದ ಗಾಡಿಯಲ್ಲೇ, ಕಾಯಂ ಇದ್ಕೊಂಡು ಊರೂರು ಸುತ್ತಬೇಕು ಅಂತ ಆಸೆ ಇರೋರಿಗೆ, ಅದರಲ್ಲೂ ನಮ್ಮ ಹಾಗೆ ರಿಟೈರ್ ಆಗಿ ಒಂದಷ್ಟು ಗಂಟು ಕೈಗೆ ಬಂದಿರೋರಿಗೆ ಈ ಬರಹ. ಗಾಡಿಗೆ, ಅದರೊಳಗಿನ ಕೆಲಸಕ್ಕೆ ಅಂತ ಒಟ್ಟು 21 ಲಕ್ಷ ಸುರಿದ್ವಿ. ಒಂಬತ್ತು ತಿಂಗಳು ಅದರಲ್ಲಿ ಬಾಳ್ವೆ ಮಾಡೋಕೆ ನೋಡಿದ್ವಿ. ಎಂಜಿನ್ ಚೆನ್ನಾಗಿತ್ತು, ಮರಗೆಲಸ ಮಾಡಿದವರ ಕೈಯೂ ಚೆನ್ನಾಗಿತ್ತು. ಗಾಡಿಯ ಅಳತೆ ಮಾತ್ರ ತಪ್ಪಿತ್ತು, ಆ ಒಂದು ತಪ್ಪು ಮಿಕ್ಕಿದ್ದನ್ನೆಲ್ಲ ನುಂಗಿಹಾಕ್ತು.

ನಮ್ಮದು ಮೈಸೂರಿನ ದಟ್ಟಗಳ್ಳಿ. 2023ರ ಕೊನೆಗೆ ಒಂದು ಭಾನುವಾರ ನಾನೂ ನಮ್ಮನೆಯವರೂ ತಾರಸಿ ಮೇಲೆ ರಂಗೋಲಿ ಪುಡಿಯಲ್ಲಿ ಗಾಡಿಯ ನಕ್ಷೆ ಹಾಕಿದ್ವಿ. ಮೊದಲು 14 ಅಡಿ ಉದ್ದ, 6 ಅಡಿ ಅಗಲ. ಮಂಚ, ಒಲೆಕಟ್ಟೆ, ಬಚ್ಚಲು ಅಂತ ಗೆರೆ ಎಳೆದು ನಿಂತು ನೋಡಿದ್ರೆ ಇಬ್ಬರು ಎದುರುಬದುರು ದಾಟೋಕೆ ಜಾಗ ಇರಲಿಲ್ಲ. 18 ಮಾಡಿದ್ವಿ. ದೇವರ ಗೂಡಿಗೆ ಜಾಗ ಬೇಕು ಅಂತ ನಾನಂದೆ, ಮೊಮ್ಮಗಳು ಬಂದ್ರೆ ಮಲಗೋಕೆ ಒಂದು ಸೀಟು ಬೇಕು ಅಂತ ಅವರಂದ್ರು. ಗೆರೆ 23 ಅಡಿಗೆ ಹೋಗಿ ನಿಂತಿತು. ಅದರೊಳಗೆ ಓಡಾಡಿ, ಕುರ್ಚಿ ಹಾಕ್ಕೊಂಡು ಕಾಫಿ ಕುಡಿದು, ಇದೇ ಸರಿ ಅಂತ ತೀರ್ಮಾನಕ್ಕೆ ಬಂದ್ವಿ. ಗಾಡಿ ಎಲ್ಲಿ ನಿಲ್ಲುತ್ತೆ, ಎಲ್ಲಿ ತಿರುಗುತ್ತೆ, ಎಷ್ಟು ತೂಗುತ್ತೆ ಅನ್ನೋ ಪ್ರಶ್ನೆಗಳಲ್ಲಿ ಒಂದೂ ಆ ದಿನ ತಲೆಗೆ ಬರಲಿಲ್ಲ.

ಬಾಡಿ ಕಟ್ಟೋರ ಹತ್ತಿರ ಹೋದಾಗ ಅವರೂ ಅದಕ್ಕೇ ತಾಳ ಹಾಕಿದ್ರು. "ಮೇಡಂ, ಚಿಕ್ಕದು ತಗೊಂಡೋರು ಆಮೇಲೆ ಜಾಗ ಸಾಲಲ್ಲ ಅಂತ ವಾಪಸ್ ಬರ್ತಾರೆ. ಕಾಯಂ ಇರೋದಾದ್ರೆ ದೊಡ್ಡದೇ ಇರ್ಲಿ" ಅಂದ್ರು. ಕಾರ್ಖಾನೆಯೊಂದರ ಹಳೇ ಸ್ಟಾಫ್ ಬಸ್ಸು ಅವರೇ ತೋರಿಸಿದ್ರು. ಉದ್ದ 27 ಅಡಿ, ಅಗಲ ಏಳಕ್ಕಿಂತ ಸ್ವಲ್ಪ ಜಾಸ್ತಿ, ಹಿಂದಿನ ಚಕ್ರದಿಂದಾಚೆಗೇ ಎಂಟು ಅಡಿ ಬಾಡಿ. ಮೇಲೆ ಏಸಿ, ಸೋಲಾರ್ ಪ್ಯಾನೆಲ್ ಕೂರಿಸಿದ ಮೇಲೆ ಎತ್ತರ ಹತ್ತೂವರೆ ಅಡಿ ಆಯ್ತು.

ಗಾಡಿ ಮನೆ ಮುಂದೆ ಬಂದು ನಿಂತ ದಿನ ಪಕ್ಕದ ಬೀದಿಯ ರಿಟೈರ್ಡ್ ಕೆಎಸ್ಆರ್‌ಟಿಸಿ ಡ್ರೈವರ್ ಒಬ್ಬರು ಆರ್‌ಸಿ ಇಸ್ಕೊಂಡು ನೋಡಿ, "ಸಾರ್, ಇದಕ್ಕೆ ನಿಮ್ಮ ಲೈಸೆನ್ಸ್ ನಡೆಯಲ್ಲ" ಅಂದ್ರು. ಆರ್‌ಸಿಯಲ್ಲಿ ಒಟ್ಟು ತೂಕ 8,600 ಕೆಜಿ ಅಂತ ಇತ್ತು. ಕಾರು ಓಡಿಸೋ ಎಲ್‌ಎಂವಿ ಲೈಸೆನ್ಸ್ 7,500 ಕೆಜಿವರೆಗೆ ಮಾತ್ರ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಸಾರಿಗೆ ವಾಹನವೇ ಆದರೂ 7,500ರ ಒಳಗಿದ್ರೆ ಎಲ್‌ಎಂವಿ ಸಾಕು ಅಂತ ಹೇಳ್ತೇ ಹೊರತು ಆ ಗೆರೆಯನ್ನ ದಾಟಿಸಲಿಲ್ಲ. ಗಮನಿಸಿ, ಇದು ಖಾಲಿ ಗಾಡಿಯ ತೂಕ ಅಲ್ಲ, ಸಾಮಾನು, ಜನ ಎಲ್ಲ ತುಂಬಿ ಆರ್‌ಸಿಯಲ್ಲಿ ನಮೂದಾಗಿರೋ ಪೂರ್ತಿ ತೂಕ. ನಮ್ಮನೆಯವರು 61ನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆವಿ ಲೈಸೆನ್ಸ್ ಮಾಡಿಸಿದ್ರು. ಗಾಡಿ ತೋರಿಸಿದವರು, ಕಟ್ಟಿದವರು, ದುಡ್ಡು ಎಣಿಸಿಕೊಂಡವರು ಯಾರೂ ಈ ಒಂದು ಮಾತನ್ನ ಮುಂಚೆ ಹೇಳಲಿಲ್ಲ. ನನಗೆ ಇವತ್ತಿಗೂ ಅದೇ ನೋವು.

ಈಗ ನಾಲೆ ಏರಿಯ ವಿಷಯ ಹೇಳ್ತೀನಿ. ಇದನ್ನ ಬರೆಯೋಕೇ ನಾನು ಕೂತದ್ದು.

ನನ್ನ ತವರು ಪಾಂಡವಪುರ ತಾಲ್ಲೂಕು. ಊರಿಗೆ ಹೋಗೋವಾಗ ಒಂದೂವರೆ ಕಿಲೋಮೀಟರ್ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೇ ಸಾಗಬೇಕು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದನ್ನ ನಮ್ಮ ಕಡೆ ಯಾರೂ ಮರೆತಿಲ್ಲ. ಹಾಗಿದ್ದೂ ಆ ದಾರೀಲಿ ಇಷ್ಟು ದೊಡ್ಡ ಗಾಡಿ ತಂದ್ವಲ್ಲ ಅಂತ ಈಗ ಎದೆ ನಡುಗುತ್ತೆ. ಕಬ್ಬು ಕಡಿಯೋ ಕಾಲ, ನಾಲೆ ತುಂಬ ನೀರು. ಅರ್ಧ ದಾರಿಗೆ ಎದುರಿಂದ ಕಬ್ಬಿನ ಟ್ರಾಕ್ಟರ್ ಬಂತು, ಹಿಂದೆ ಎರಡು ಟ್ರೇಲರ್. ಎರಡು ಟ್ರೇಲರ್ ಕಟ್ಟಿಕೊಂಡು ಅವನು ರಿವರ್ಸ್ ಹೋಗೋ ಮಾತೇ ಇಲ್ಲ. ನಾವೇ ಹೋಗಬೇಕು, ಇನ್ನೂರು ಅಡಿ ಹಿಂದೆ ತಿರುವಿನಲ್ಲಿ ಸ್ವಲ್ಪ ಅಗಲ ಜಾಗವಿತ್ತು.

ನಾನು ಕೆಳಗಿಳಿದು ಹಿಂದೆ ನಿಂತೆ. ತಿರುವಿನವರೆಗೂ ಹೇಗೋ ಬಂತು. ಅಲ್ಲಿ ಸ್ಟೇರಿಂಗ್ ತಿರುಗಿಸಿ ಓರೆಯಾಗಿ ಹಿಂದಕ್ಕೆ ಬಿಟ್ಟಾಗ ಹಿಂಚಕ್ರ ಇನ್ನೂ ಏರಿ ಮೇಲೇ ಇತ್ತು, ಅದರಾಚೆಯ ಬಾಲದ ಒಂದು ಮೂಲೆ ಆಗಲೇ ನೀರಿನ ಮೇಲಕ್ಕೆ ಚಾಚಿತ್ತು. ಚಕ್ರದ ಪಕ್ಕ ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆಯೊಂದು ಬಿಟ್ಟುಕೊಂಡು ಡುಬುಕ್ ಅಂತ ನಾಲೆಗೆ ಬಿತ್ತು. ಒಳಗೆ ಕೂತವರಿಗೆ ರಿವರ್ಸ್ ಕ್ಯಾಮೆರಾದಲ್ಲಿ ದಾರಿ ಕಾಣಿಸ್ತಿರಲಿಲ್ಲ, ಸ್ಕ್ರೀನ್ ತುಂಬ ಬರೀ ಕೆಂಚನೆ ನೀರು. ಟ್ರಾಕ್ಟರ್ ಹುಡುಗ ಓಡಿ ಬಂದು, "ಅಕ್ಕೋ, ನೀವು ಈ ಕಡೆ ಬನ್ನಿ, ಅಲ್ಲಿ ಮಣ್ಣು ಕುಸಿತದೆ" ಅಂತ ನನ್ನ ಕೈ ಹಿಡಿದು ಎಳೆದ. ಆಮೇಲೆ ಅವನೇ ಮುಂದೆ ನಿಂತು ಒಂದೊಂದೇ ಗೇಣು ಗಾಡಿ ಆಡಿಸಿದ. ಇನ್ನೂರು ಅಡಿಗೆ ಮುಕ್ಕಾಲು ಗಂಟೆ. ನಮ್ಮನೆಯವರು ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು, ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮಾರನೇ ದಿನ ನನ್ನ ತಮ್ಮ, "ಭಾವ, ಇದು ನಡೀವಾಗ ಹಿಂದಕ್ಕೆ ಕೂತಂಗೆ ಕಾಣ್ತದೆ" ಅಂತ ಕಬ್ಬು ತೂಗೋ ವೇಬ್ರಿಡ್ಜ್‌ಗೆ ಕರ್ಕೊಂಡು ಹೋದ. ಕಬ್ಬಿನ ಗಾಡಿಗಳ ಸಾಲಿನಲ್ಲೇ ನಿಂತು ತೂಕ ಹಾಕಿಸಿದ್ವಿ. ಒಟ್ಟು 8,480 ಕೆಜಿ ಬಂತು. ಮಿತಿಯೊಳಗೇ ಇದೆಯಲ್ಲ ಅಂತ ನಾನು ಸಮಾಧಾನ ಪಟ್ಟೆ. ತೂಕದವರು ಒಳ್ಳೆಯವರು, ಮುಂದಿನ ಚಕ್ರ ಕೆಳಗಿಳಿಸಿ ಬರೀ ಹಿಂಚಕ್ರ ಮೇಲಿಟ್ಟು ನೋಡಿ ಅಂದ್ರು. 6,310. ನಮ್ಮ ಗಾಡಿಯ ಹಿಂದಿನ ಆಕ್ಸಲ್ ಹೊರಬೇಕಾದ್ದು 5,600 ಮಾತ್ರ. ಅಲ್ಲಿಗೆ ಏಳುನೂರು ಕೆಜಿ ಜಾಸ್ತಿ.

ಎಲ್ಲಿಂದ ಬಂತು ಇಷ್ಟು ಭಾರ? ಒಂದು ಲೀಟರ್ ನೀರು ಒಂದು ಕೆಜಿ. ನಮ್ಮ ಟ್ಯಾಂಕ್ 400 ಲೀಟರ್, ಅದೂ ಕೊನೇ ಸೀಟಿನ ಜಾಗದಲ್ಲಿ. 19 ಎಂಎಂ ಪ್ಲೈವುಡ್ಡಿನ ಎಂಟು ನಾಲ್ಕರ ಹಾಳೆ ಒಂದೊಂದೂ 35 ಕೆಜಿ ಮೇಲೆ ತೂಗುತ್ತೆ, ಮನೆಯ ವಾರ್ಡ್‌ರೋಬ್ ಮಾಡೋ ಹಾಗೆ ಅದನ್ನೇ ಬಳಸಿದ್ರು. 150 ಎಎಚ್‌ನ ಎರಡು ಇನ್ವರ್ಟರ್ ಬ್ಯಾಟರಿ ಸೇರಿ ನೂರು ಕೆಜಿ ದಾಟುತ್ತೆ. ಬಚ್ಚಲು, ಬ್ಯಾಟರಿ, ನೀರು ಮೂರೂ ಹಿಂದಿನ ಎಂಟಡಿಯೊಳಗೆ. ಹಿಂಚಕ್ರದ ಆಚೆ ಇಟ್ಟ ಭಾರ ಏತದ ಹಾಗೆ ಕೆಲಸ ಮಾಡುತ್ತೆ: ಹಿಂದೆ ಅದುಮುತ್ತೆ, ಮುಂದೆ ಎತ್ತುತ್ತೆ. ಹೈವೇಯಲ್ಲಿ ಸ್ಟೇರಿಂಗ್ ತೇಲಿದ ಹಾಗಾಗುತ್ತೆ ಅಂತ ನಮ್ಮನೆಯವರು ಹೇಳ್ತಿದ್ದದ್ದು ಇದಕ್ಕೇ. ಗುಂಡ್ಲುಪೇಟೆ ಹತ್ತಿರ ಹಿಂದಿನ ಸ್ಪ್ರಿಂಗ್ ಪ್ಲೇಟ್ ಕಟ್ಟಾದದ್ದೂ ಇದಕ್ಕೇ. ಅಷ್ಟಾಗಿ ನಾವಿಬ್ಬರು ದಿನಕ್ಕೆ ಬಳಸ್ತಿದ್ದದ್ದು ಅರವತ್ತು ಲೀಟರ್ ನೀರು. ಪೆಟ್ರೋಲ್ ಬಂಕಲ್ಲಿ, ದೇವಸ್ಥಾನದಲ್ಲಿ ಕೇಳಿದ್ರೆ ನಮ್ಮ ಕಡೆ ನೀರು ಇಲ್ಲ ಅನ್ನೋರು ಕಡಿಮೆ. 150 ಲೀಟರ್ ಟ್ಯಾಂಕ್ ಧಾರಾಳ ಸಾಕಾಗ್ತಿತ್ತು.

ಇನ್ನು ಸುತ್ತಾಟ. ಮೇಲುಕೋಟೆಯಲ್ಲಿ ಕಲ್ಯಾಣಿ ಕಡೆ ಬೀದಿಗೆ ಇಳಿಸೋಕೆ ಧೈರ್ಯ ಸಾಲದೆ ಊರ ಹೊರಗೇ ನಿಲ್ಲಿಸಿದ್ವಿ. ಮಲೆ ಮಹದೇಶ್ವರ ಬೆಟ್ಟದ 27 ತಿರುವುಗಳನ್ನ ಕೆಎಸ್ಆರ್‌ಟಿಸಿಯವರು ದಿನಾ ಹತ್ತಿ ಇಳೀತಾರೆ, ನಿಜ. ಅವರ ಕೈಯ ಪಳಗಿಕೆ ಬೇರೆ, ಬಾಲಕ್ಕೆ ಭಾರ ಕಟ್ಟಿಕೊಂಡ ನಮ್ಮ ಗಾಡಿ ಬೇರೆ. ಇಳಿಯುವಾಗ ಬ್ರೇಕಿಂದ ಸುಟ್ಟ ವಾಸನೆ ಬಂದು ಎರಡು ಕಡೆ ನಿಲ್ಲಿಸಿ ಆರಿಸಿಕೊಂಡ್ವಿ. ಆಗುಂಬೆ ಘಾಟಿಯ 14 ತಿರುವು, ಭಾರಿ ವಾಹನಕ್ಕೆ ಅಲ್ಲಿರೋ ನಿರ್ಬಂಧ ನೋಡಿ ಆ ಕಡೆಯ ಆಸೆಯನ್ನೇ ಬಿಟ್ವಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಇಲ್ಲ ಅನ್ನೋದು ನಮ್ಮಂಥ ಖಾಸಗಿ ಗಾಡಿಗಳಿಗೆಲ್ಲ, ಸಣ್ಣದಿರಲಿ ದೊಡ್ಡದಿರಲಿ, ಒಂದೇ. ಆದರೆ ಗೇಟ್ ಮುಚ್ಚಿದ ಮೇಲೆ ರಾತ್ರಿ ತಂಗೋಕೆ ಸಣ್ಣ ಗಾಡಿಗೆ ಯಾರದೋ ಅಂಗಳ ಸಿಗುತ್ತೆ, ನಮಗೆ ಹೆದ್ದಾರಿ ಬದಿಯ ಲಾರಿ ನಿಲ್ಲೋ ಜಾಗವೇ ಗತಿ. ಒಂಬತ್ತು ತಿಂಗಳಲ್ಲಿ ಹೆಚ್ಚುಪಾಲು ರಾತ್ರಿ ನಾವು ಮಲಗಿದ್ದು ಡೀಸೆಲ್ ವಾಸನೆಯಲ್ಲಿ, ಲಾರಿ ಹಾರ್ನ್ ಕೇಳ್ಕೊಂಡು. ನೋಡಬೇಕಾದ ಜಾಗಕ್ಕೆ ಅಲ್ಲಿಂದ ಆಟೋ ಹಿಡೀತಿದ್ವಿ.

ಆರ್‌ಸಿಯ ತೊಡಕನ್ನೂ ಹೇಳಿಬಿಡ್ತೀನಿ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಇಂಥ ಗಾಡಿಗೆ ಮೋಟಾರ್ ಕ್ಯಾರವಾನ್ ಅಂತಲೇ ಬೇರೆ ದರ್ಜೆ ಇದೆ, ಎಐಎಸ್-124 ಅನ್ನೋ ಮಾನದಂಡ ಇದೆ. "ಅದನ್ನೆಲ್ಲ ನಾವು ನೋಡ್ಕೋತೀವಿ" ಅಂದವರು ಕೊನೆಗೂ ನೋಡಲಿಲ್ಲ. ನಮ್ಮ ಆರ್‌ಸಿಯಲ್ಲಿ ಇವತ್ತಿಗೂ ಬಸ್ ಅಂತಲೇ ಇದೆ. ಅಡ್ವಾನ್ಸ್ ಕೊಡೋ ಮುಂಚೆ, ಅವರೇ ಕಟ್ಟಿದ ಬೇರೆ ಗಾಡಿಯ ಆರ್‌ಸಿ ತೋರಿಸಿ ಅಂತ ಕೇಳಿ. ತೋರಿಸದಿದ್ರೆ ಎದ್ದು ಬನ್ನಿ.

ಇಷ್ಟು ಓದಿ ಯಾರೂ ಓಡಿಹೋಗಿ ಅತಿ ಚಿಕ್ಕ ವ್ಯಾನ್ ಕೊಳ್ಳಬೇಡಿ. 2025ರ ಜುಲೈನಲ್ಲಿ ನಾವು ಒಂದು ಪುಟ್ಟ ಕ್ಯಾಂಪರ್ ಬಾಡಿಗೆಗೆ ತಗೊಂಡು ಆರು ದಿನ ಕೊಡಗಿನಲ್ಲಿ ಇದ್ವಿ. ಎಲ್ಲ ದಾರಿಗೂ ನುಗ್ಗುತ್ತೆ, ಎಲ್ಲ ಅಂಗಳದಲ್ಲೂ ನಿಲ್ಲುತ್ತೆ. ಒಳಗೆ ಎತ್ತರ ನಾಲ್ಕೂವರೆ ಅಡಿ. ಆಚೆ ಬಿಡದೆ ಮಳೆ. ನನಗೆ ಮಂಡಿ ನೋವು, ಬಗ್ಗಿಕೊಂಡೇ ಸೀರೆ ಉಡಬೇಕು, ಬಗ್ಗಿಕೊಂಡೇ ಹಾಲು ಕಾಯಿಸಬೇಕು. ದಿನಾ ಬೆಳಿಗ್ಗೆ ಹಾಸಿಗೆ ಮಡಿಸಿ ಟೇಬಲ್ ಮಾಡೋದು, ರಾತ್ರಿ ಟೇಬಲ್ ಇಳಿಸಿ ಹಾಸಿಗೆ ಮಾಡೋದು. ಒದ್ದೆ ಬಟ್ಟೆ ಹಾಕೋಕೆ ಜಾಗ ಇಲ್ಲ, ನಾಲ್ಕನೇ ದಿನಕ್ಕೆ ದಿಂಬು ಮುಗ್ಗಲು ವಾಸನೆ. ಎರಡು ದಿನದ ಪ್ರವಾಸಕ್ಕೆ ಅದು ಚೆಂದ. ಅದರಲ್ಲಿ ಮುನ್ನೂರು ದಿನ ಇರೋಕೆ ನನ್ನಿಂದಾಗಲ್ಲ.

ಹಾಗಾದ್ರೆ ಯಾವ ಅಳತೆ? ನಮ್ಮಂಥ ಇಬ್ಬರಿಗೆ, ನಮ್ಮ ದಾರಿಗಳಿಗೆ, ನನ್ನ ಅಭಿಪ್ರಾಯ ಇಷ್ಟು: ಹೊರಗಡೆ 20 ಅಡಿ ಆಸುಪಾಸು, ಒಳಗೆ ನೆಟ್ಟಗೆ ನಿಲ್ಲೋ ಎತ್ತರ, ದಿನಾ ಮಡಿಸಬೇಕಿಲ್ಲದ ಒಂದು ಮಂಚ, ಬಾಗಿಲಿರೋ ಒಂದು ಶೌಚ. ಮಿಕ್ಕಿದ್ದು ಹೋದ್ರೆ ಹೋಗಲಿ. ಮೊಮ್ಮಗಳು ಒಂಬತ್ತು ತಿಂಗಳಲ್ಲಿ ಬಂದು ಮಲಗಿದ್ದು ಎರಡೇ ರಾತ್ರಿ, ಆ ಸೀಟಿಗೋಸ್ಕರ ನಾವು ಐದಡಿ ಗಾಡಿ ಎಳೆದಾಡಿದ್ವಿ. ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್, ನೋಡೋಕೆ ಹೋದ್ರೆ 3350, 4020 ಅಂತ ಅಂಕೆ ಹೇಳ್ತಾರೆ. ಅದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಮಿಲಿಮೀಟರ್ ಲೆಕ್ಕದಲ್ಲಿ. ಗಾಡಿಯ ಪೂರ್ತಿ ಉದ್ದ ಅಂತ ಅಂದ್ಕೊಬೇಡಿ, ಬಂಪರಿಂದ ಬಂಪರಿಗೆ ಟೇಪ್ ಹಿಡಿದು ನೀವೇ ಅಳೀರಿ. ಹಿಂಚಕ್ರದಿಂದಾಚೆ ಎಷ್ಟಿದೆ ಅಂತ ಬೇರೆಯಾಗಿ ಬರ್ಕೊಳ್ಳಿ. ಕಟ್ಟಿಸಿದ ಮೇಲೆ, ಕೊನೇ ಕಂತು ಕೊಡೋಕೆ ಮುಂಚೆ, ಟ್ಯಾಂಕ್ ತುಂಬಿಸಿ, ನೀವಿಬ್ಬರೂ ಒಳಗೆ ಕೂತು, ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಕ ಹಾಕಿಸಿ.

ನೀವು ಖಂಡಿತ ಹೋಗೇ ಹೋಗ್ತೀರಿ ಅನ್ನೋ ಅತಿ ಕಿರಿದಾದ ದಾರಿ ಯಾವುದು ಅಂತ ಮೊದಲು ಯೋಚಿಸಿ. ಅತ್ತೆ ಮನೆಯ ಓಣಿ ಇರಬಹುದು, ಮನೆದೇವರ ಗುಡಿಯ ದಾರಿ ಇರಬಹುದು. ಅಲ್ಲಿಗೆ ಟೇಪ್ ತಗೊಂಡು ಹೋಗಿ. ಕೊಂಬೆ, ಕರೆಂಟ್ ತಂತಿ, ರೈಲ್ವೆ ಕೆಳಸೇತುವೆಯ ಎತ್ತರ ನೋಡಿ. ಆಮೇಲೆ ಬೇಕಾದ್ರೆ ತಾರಸಿ ಮೇಲೆ ರಂಗೋಲಿ ಹಾಕಿ.

ನಮ್ಮ ಬಸ್ಸು ಈಗ ತಮ್ಮನ ತೆಂಗಿನ ತೋಟದಲ್ಲಿ ನಿಂತಿದೆ. ಮಾರಾಟಕ್ಕಿದೆ ಅಂತ ಗೊತ್ತಾಗಿ ಕೊಳ್ಳೋರು ಬರ್ತಾರೆ. ಬಂದವರಿಗೆಲ್ಲ ಆರ್‌ಸಿ, ವೇಬ್ರಿಡ್ಜ್ ಚೀಟಿ ಎರಡನ್ನೂ ಕೈಗೆ ಕೊಟ್ಟು, ನಾಲೆ ಏರಿವರೆಗೆ ಒಂದು ಸುತ್ತು ಹೋಗಿ ನೋಡಿ ಬನ್ನಿ ಅಂತ ನಮ್ಮನೆಯವರೇ ಪಕ್ಕದಲ್ಲಿ ಕೂತು ಕಳಿಸ್ತಾರೆ. ಹೋದ ಭಾನುವಾರ ಮದ್ದೂರಿನ ಕಡೆಯ ದಂಪತಿ ಬಂದಿದ್ರು. ಆಯಮ್ಮ ಒಳಗೆ ದೇವರ ಗೂಡು ನೋಡಿ ತುಂಬ ಇಷ್ಟ ಪಟ್ರು. ಏರಿ ಶುರುವಾಗೋ ಕಡೆ ಅವರ ಯಜಮಾನರು ಗಾಡಿ ನಿಲ್ಲಿಸಿ, ಇಳಿದು ಹಿಂದಕ್ಕೆ ಹೋಗಿ ಬಾಲದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದ್ರಂತೆ. ವಾಪಸ್ ಬಂದು ಕೀ ಕೊಟ್ಟು, ಎಳನೀರು ಕುಡಿದು ಹೊರಟ್ರು.