ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ದಿನವೂ ಕೇಳಿ

ಕಳೆದ ಮಳೆಗಾಲದಲ್ಲಿ ಬದಿಯಡ್ಕ ಸಮೀಪದ ನಮ್ಮ ಅಡಿಕೆ ತೋಟದ ಸಂಕದಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ತಂದೆಯವರನ್ನು, ಕಾಸರಗೋಡಿನ ಹೆಚ್ಚಿನವರು ಮಾಡುವಂತೆ, ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿಸಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಶಸ್ತ್ರಚಿಕಿತ್ಸೆಯಲ್ಲಿ ಯಾವ ಲೋಪವೂ ಆಗಲಿಲ್ಲ. ಮೂರನೆಯ ದಿನವೇ ಅವರು ವಾಕರ್ ಹಿಡಿದು ನಿಂತರು. ಆದರೆ ಮೂತ್ರ ಚೀಲಕ್ಕೆ ಹರಿಯಲೆಂದು ಹಾಕಿದ್ದ ನಳಿಕೆ (ಕ್ಯಾಥೆಟರ್) ಮಾತ್ರ ಎಂಟನೆಯ ದಿನವೂ ಹಾಗೆಯೇ ಇತ್ತು. ರಾತ್ರಿ ಎಬ್ಬಿಸುವ ಕಷ್ಟ ತಪ್ಪಿತೆಂದು ನಾವೂ ಸುಮ್ಮನಿದ್ದೆವು.

ನಳಿಕೆ ಉಳಿದ ಪ್ರತಿ ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇಕಡಾ 3ರಿಂದ 7ರಷ್ಟು ಏರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ನಳಿಕೆಯ ಗೋಡೆಗೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಾಣುಗಳಿಗೆ ಔಷಧ ಸುಲಭವಾಗಿ ತಾಗುವುದಿಲ್ಲ. ಆ ವಾರ್ಡಿನಲ್ಲಿ ಎಲ್ಲ ಹಾಸಿಗೆಗಳ ಮೂತ್ರಚೀಲಗಳನ್ನು ಒಂದೇ ಅಳತೆ ಜಗ್ಗಿಗೆ, ಒಮ್ಮೊಮ್ಮೆ ಅದೇ ಕೈಗವಸಿನಲ್ಲಿ, ಬರಿದು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ತಪ್ಪೆಂದು ಹೊಳೆದಿರಲಿಲ್ಲ.

ಒಂಬತ್ತನೆಯ ದಿನ ನಡುಕದೊಂದಿಗೆ ಜ್ವರ ಬಂತು. ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಆರಂಭಿಸಿದರೂ ಇಳಿಯಲಿಲ್ಲ. ಸೋಂಕು ಯಾವ ಸೂಕ್ಷ್ಮಾಣುವಿನದು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ವರದಿ ಮೂರು ದಿನಗಳ ಬಳಿಕ ಬಂತು; ಅದರಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ, ಮೆರೊಪೆನೆಮ್ ಸಹಿತ ಬಹುತೇಕ ಎಲ್ಲ ಔಷಧಗಳ ಮುಂದೆ ಪ್ರತಿರೋಧವನ್ನು ಸೂಚಿಸುವ 'ಆರ್' ಅಕ್ಷರ. ಇಂಥ ಬ್ಯಾಕ್ಟೀರಿಯಾಗಳಲ್ಲಿ ಹಲವು ಮೆರೊಪೆನೆಮ್ ವರ್ಗದ ಔಷಧವನ್ನೇ ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತವೆ, ಮತ್ತು ಅದರ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕಿನ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ವೈದ್ಯರ ಕೈಯಲ್ಲಿ ಉಳಿದದ್ದು ಕೊಲಿಸ್ಟಿನ್, ಮೂತ್ರಪಿಂಡಕ್ಕೆ ಹಾನಿಯೆಂದು ದಶಕಗಳ ಹಿಂದೆಯೇ ಬದಿಗಿಟ್ಟಿದ್ದ ಹಳೆಯ ಔಷಧ. ತಂದೆಯವರು ಬದುಕಿದರು, ಆದರೆ ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ 1.1 ಇದ್ದದ್ದು 2.8ಕ್ಕೆ ಏರಿತು. ಒಂದು ವಾರದ ಚಿಕಿತ್ಸೆಗೆಂದು ಹೋದವರು ಮನೆಗೆ ಮರಳಿದ್ದು 26ನೆಯ ದಿನ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದ ತಪ್ಪೆಲ್ಲ ಆಸ್ಪತ್ರೆಯದೆಂದು ನಾನು ಹೇಳಲಾರೆ. ಶೀತ ಬಂದಾಗಲೆಲ್ಲ ಚೀಟಿಯಿಲ್ಲದೆ ಮೆಡಿಕಲ್‌ನಿಂದ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತಂದು, ಎರಡು ದಿನ ನುಂಗಿ ಉಳಿದದ್ದನ್ನು ಕಪಾಟಿನಲ್ಲಿಡುತ್ತಿದ್ದವರು ನಾವೇ.

ಆದುದರಿಂದ ನಿಮ್ಮವರಿಗೆ ನಳಿಕೆ ಹಾಕಿದ್ದರೆ ಅದು ಇನ್ನೂ ಏಕೆ ಬೇಕು ಎಂದು ಪ್ರತಿ ಬೆಳಗಿನ ರೌಂಡ್ಸ್‌ನಲ್ಲಿ ಸಂಕೋಚವಿಲ್ಲದೆ ಕೇಳಿ. ಮೂತ್ರದ ಚೀಲವನ್ನು ನೆಲಕ್ಕೆ ತಾಗಿಸಬೇಡಿ, ರೋಗಿಯ ಸೊಂಟಕ್ಕಿಂತ ಮೇಲೆತ್ತಲೂ ಬೇಡಿ. ನಮ್ಮ ಡಿಸ್ಚಾರ್ಜ್ ಪತ್ರದಲ್ಲಿ 'ಮೂತ್ರದ ಸೋಂಕು' ಎಂದಷ್ಟೇ ಬರೆದಿತ್ತು, ಬ್ಯಾಕ್ಟೀರಿಯಾದ ಹೆಸರೇ ಇರಲಿಲ್ಲ. ಕಲ್ಚರ್ ವರದಿಯ ಪ್ರತಿಯನ್ನು ಕೇಳಿ ಪಡೆದು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸಿ. ಜ್ವರ ಬಿಟ್ಟ ಮೇಲೂ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿದಿರಬಲ್ಲದು.