ದೋಗೊ, ಕುಸಾತ್ಸು, ಕಿನೊಸಾಕಿ: ಬಿಸಿನೀರಿಗೆ ಇಳಿಯುವುದಾದರೆ ಎಲ್ಲಿ?

ಜಪಾನಿಗೆ ಹೊರಟವರು ಹಳೆಯ ಬಿಸಿನೀರಿನ ಬುಗ್ಗೆಯ ಊರುಗಳಲ್ಲಿ ಯಾವುದಕ್ಕೆ ಹೋಗೋಣ ಎಂದು ಕೇಳುತ್ತಿರುತ್ತಾರೆ. ಕಟ್ಟಡ ನೋಡುವ ಆಸೆಯಿದ್ದರೆ ದೋಗೊ. ನೀರಿಗಾಗಿಯೇ ಹೋಗುವುದಾದರೆ ಕುಸಾತ್ಸು. ನನ್ನ ಓಟು ಕುಸಾತ್ಸುಗೆ.

ದೋಗೊ ಇರುವುದು ಶಿಕೊಕು ದ್ವೀಪದ ಮತ್ಸುಯಾಮಾ ನಗರದಲ್ಲಿ. ಟ್ರಾಮ್ ಹತ್ತಿದರೆ ಹತ್ತಿರಕ್ಕೇ ತಂದು ಬಿಡುತ್ತದೆ. ಅಲ್ಲಿನ ಮುಖ್ಯ ಸ್ನಾನಗೃಹ 1894ರಲ್ಲಿ ಕಟ್ಟಿದ ಮೂರು ಅಂತಸ್ತಿನ ಮರದ ಕಟ್ಟಡ. 2019ರಲ್ಲಿ ಶುರುವಾದ ರಿಪೇರಿ ಮುಗಿದು 2024ರ ಜುಲೈನಲ್ಲಿ ಪೂರ್ತಿಯಾಗಿ ತೆರೆಯಿತು. ಬೆಳಗ್ಗೆ ಆರಕ್ಕೆ ಮೇಲಿನ ಗೋಪುರದಲ್ಲಿ ನಗಾರಿ ಬಾರಿಸುತ್ತಾರೆ. ಅದನ್ನು ಕೇಳಿಕೊಂಡೇ ಒಳಗೆ ಹೋಗಬೇಕು. ನೀರು ಮೃದು, ಮೈಯೆಲ್ಲ ನುಣುಪಾಗುತ್ತದೆ. ಮಿಂದು ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಸುತ್ತಿಕೊಂಡು ಮಹಡಿಯ ಚಾಪೆಯ ಮೇಲೆ ಕೂತರೆ ಚಹಾ ತಂದುಕೊಡುತ್ತಾರೆ. ಆ ಹೊತ್ತು ತುಂಬಾ ಚೆಂದ. ಆದರೆ ಜನ ಜಾಸ್ತಿ, ಕೂರುವುದಕ್ಕೂ ಟೈಮ್ ನಿಗದಿ.

ಕುಸಾತ್ಸುವಿಗೆ ರೈಲಿಲ್ಲ. ನಾಗಾನೊಹಾರಾ-ಕುಸಾತ್ಸುಗುಚಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಊರಿನ ನಟ್ಟನಡುವೆ ಬುಗ್ಗೆ. ಕುದಿಯುವ ಹಾಗಿರುವ ನೀರು ಸಾಲು ಸಾಲು ಮರದ ಕಾಲುವೆಗಳಲ್ಲಿ ಹರಿದು ತಣಿಯುತ್ತದೆ. ಗಂಧಕದ ವಾಸನೆ ಬಸ್ಸಿಳಿದ ಕೂಡಲೇ ಮೂಗಿಗೆ ಬಡಿಯುತ್ತದೆ. ತಣ್ಣೀರು ಬೆರೆಸಿದರೆ ಸತ್ವ ಹೋಗುತ್ತದೆ ಅಂತ ಆರಡಿ ಉದ್ದದ ಹಲಗೆಗಳಿಂದ ನೀರನ್ನು ಮಗುಚಿ ಆರಿಸುವ ಪದ್ಧತಿ ಇಲ್ಲಿಯದು. ಹೆಂಗಸರು ಹಾಡು ಹೇಳುತ್ತಾ ಮಗುಚುವುದನ್ನು ಈಗಲೂ ನೋಡಬಹುದು.

ಈ ನೀರು ನಿಂಬೆರಸದ ಹಾಗೆ ಹುಳಿ, ಪಿಎಚ್ ಸುಮಾರು 2. ಇದು ಸೇರುವ ನದಿಯಲ್ಲಿ ಮೀನು ಬದುಕುತ್ತಿರಲಿಲ್ಲ, ಸೇತುವೆಯ ಕಂಬಗಳು ಸವೆಯುತ್ತಿದ್ದವು. ಅದಕ್ಕೇ ಹುಳಿ ತಗ್ಗಿಸಲು 1964ರಿಂದ ನದಿಗೆ ಸುಣ್ಣಕಲ್ಲಿನ ಪುಡಿ ಕಲಸಿದ ನೀರು ಬಿಡುತ್ತಿದ್ದಾರೆ. ಬುಗ್ಗೆಯ ಪಕ್ಕದಲ್ಲೇ ಇರುವ ಶಿರಾಹತಾ-ನೊ-ಯು ಎಂಬ ಬಿಟ್ಟಿ ಸ್ನಾನದ ಮನೆಯಲ್ಲಿ ಮೊದಲು ಬೊಗಸೆಯಲ್ಲಿ ನೀರೆತ್ತಿ ಕಾಲಿಗೆ, ತೊಡೆಗೆ, ಹೆಗಲಿಗೆ ಹಾಕಿಕೊಂಡೆ. ಆಮೇಲೆ ನಿಧಾನವಾಗಿ ಇಳಿದೆ. ಚರ್ಮವೆಲ್ಲ ಚುರುಚುರು. ಹೆಚ್ಚು ಹೊತ್ತು ಕೂರಲಾಗಲಿಲ್ಲ. ಎದ್ದು ಹೊರಗೆ ಬಂದ ಮೇಲೂ ಒಳಗಿನಿಂದ ಬಿಸಿ ಬರುತ್ತಲೇ ಇತ್ತು, ಆ ಚಳಿಯಲ್ಲಿ ಸ್ವೆಟರ್ ಬೇಡ ಅನ್ನಿಸಿತು. ದೋಗೊದಲ್ಲಿ ಹಾಗಾಗಲಿಲ್ಲ. ಬೆಳ್ಳಿಯ ಕಾಲುಂಗುರ, ಗೆಜ್ಜೆ ಇದ್ದರೆ ಮೊದಲೇ ತೆಗೆದಿಡಿ, ಗಂಧಕಕ್ಕೆ ಕಪ್ಪಾಗುತ್ತವೆ. ಕಣ್ಣಿಗೆ ತಾಗಿದರೆ ಉರಿ. ಸೂಕ್ಷ್ಮ ಚರ್ಮದವರಿಗೆ, ಚಿಕ್ಕ ಮಕ್ಕಳಿಗೆ ದೋಗೊನೇ ಸರಿ.

ಅಪ್ಪ-ಅಮ್ಮನ ಜೊತೆ ಹೋಗುವವರು ಕಿನೊಸಾಕಿಯನ್ನೂ ನೋಡಿ. ಏಳು ಸ್ನಾನದ ಮನೆಗಳ ಊರೆಂದೇ ಅದಕ್ಕೆ ಹೆಸರು, ಅಲ್ಲಿ ರಾತ್ರಿ ತಂಗಿದವರಿಗೆ ತೆರೆದಿರುವ ಎಲ್ಲಕ್ಕೂ ಪಾಸು ಸಿಗುತ್ತದೆ. ಕಾಲುವೆಯ ದಂಡೆಯಲ್ಲಿ ಮರದ ಚಪ್ಪಲಿ ಹಾಕಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೆಯಬಹುದು. ಹಚ್ಚೆ ಇರುವವರನ್ನೂ ಒಳಗೆ ಬಿಡುತ್ತಾರೆ, ಎಷ್ಟೋ ಕಡೆ ಬಿಡುವುದಿಲ್ಲ.

ಮೂರೂ ಕಡೆ ಬಟ್ಟೆ ಬಿಚ್ಚಿಯೇ ಇಳಿಯಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಒಳಗೆ ಯಾರೂ ಯಾರನ್ನೂ ನೋಡುವುದಿಲ್ಲ, ನಾಚಿಕೆ ಬೇಗ ಹೋಗುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ತರಕಾರಿ ಸಾರಿನಲ್ಲೂ ಹೆಚ್ಚಾಗಿ ಒಣಮೀನಿನ ರಸ ಇರುತ್ತದೆ. ರೂಮ್ ಬುಕ್ ಮಾಡುವಾಗಲೇ ಮೀನೂ ಬೇಡ, ಮೀನಿನ ರಸವೂ ಬೇಡ ಎಂದು ಬರೆದು ತಿಳಿಸಿ. ಕುಸಾತ್ಸುಗೆ ಹೊರಟರೆ ಎರಡು ರಾತ್ರಿ ಇಟ್ಟುಕೊಳ್ಳಿ. ಆ ನೀರು ಮೈಗೆ ಹಿಡಿಯುವುದಕ್ಕೇ ಒಂದು ದಿನ ಬೇಕು.